ಹೆಚ್ಚಿದ್ದು

ಗಾಂಧಿ ಬಜಾರಿನ ಹೋಲ್‌ಸೇಲ್ ಬಳೆ ಅಂಗಡಿ ಹಾಲಮ್ಮ
ಮೂರು ತಿಂಗಳಿಗೊಂದು ಕ್ಯಾಲ್ಕುಲೇಟರ್ ಕೊಲ್ಲುತ್ತಾಳೆ.
ರಬ್ಬರಿನ ಗುಂಡಿ. ಮೊದಲು ಎಂಟು ಸಾಯುತ್ತದೆ,
ಆಮೇಲೆ ಸೊನ್ನೆ.
ಸತ್ತದ್ದನ್ನು ಸೆರಗಲ್ಲಿ ಸುತ್ತಿಕೊಂಡು
ರಸ್ತೆ ದಾಟುತ್ತಾಳೆ, ಮೆಟ್ಟಿಲಡಿಯ ನನ್ನ ಗೂಡಿಗೆ.
ತಕ್ಕಡಿ, ರಿಮೋಟು, ಮಿಕ್ಸಿ,
ಏನು ಕೊಟ್ಟರೂ ಬಿಚ್ಚುವವನು ನಾನು;
ಮುಚ್ಚುವುದು ಆಮೇಲಿನ ಮಾತು.

'ಒತ್ತಿದ್ದು ಇದಕ್ಕೆ ಕೇಳಿಸ್ತೋ ಇಲ್ವೋ
ಗೊತ್ತೇ ಆಗಲ್ಲ ತಮ್ಮಾ.
ಕತೆ ಕೇಳೋರು ಹೂಂ ಅಂತಾರಲ್ಲ,
ಹಂಗೆ ಒಂದೊಂದಕ್ಕೂ ಹೂಂ ಅನ್ನೋ ಗುಂಡಿ ಮಾಡಿಕೊಡು.'

ಕೊರಿಯರಿನ ಪೊಟ್ಟಣದಲ್ಲಿ ಬಂದವು ಸ್ವಿಚ್ಚು,
ಕಂಪ್ಯೂಟರ್ ಆಟದ ಹುಡುಗರು ಚಟಕ್ಕೆ ಕೊಳ್ಳುವಂಥವು.
ಕೆಂಪು, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ, ಸದ್ದಿಲ್ಲ.
ಕಂದು, ನಡುದಾರಿಯಲ್ಲೊಮ್ಮೆ ಎಡವಿ ಸಾವರಿಸಿಕೊಳ್ಳುತ್ತದೆ.
ನೀಲಿಗೆ ಮಾತ್ರ ನಾಲಿಗೆ:
ಟಕ್.
ಹಾಲಮ್ಮ ಮೂರನ್ನೂ ಒತ್ತಿದಳು
ಸೀರೆ ನೋಡುವವರ ಹಾಗೆ, ಮುಖದಲ್ಲೇನೂ ತೋರಗೊಡದೆ.
ನೀಲಿಯನ್ನು ಎರಡನೇ ಸಲ ಒತ್ತಿದಳು.
ಅಷ್ಟೇ.

ಗುಜರಿಗೆ ಹೊರಟಿದ್ದ ತಕ್ಕಡಿಯ ತಟ್ಟೆ ತಂದು
ಹದಿನಾಲ್ಕು ಮಿಲಿಮೀಟರಿನ ಚೌಕ ಕೊರೆದೆ, ಇಪ್ಪತ್ತು ಚೌಕ.
ಎರಡು ರಾತ್ರಿ ಅರ; ಉಗುರಿನಲ್ಲೆಲ್ಲ ಉಕ್ಕಿನ ಹುಡಿ.
ಅಕ್ಕಿ ಬೇಳೆ ತೂಗಿದ ಹೊಟ್ಟೆಯ ಮೇಲೆ
ಅಂಕಿಗಳು ಸಾಲಾಗಿ ಕೂತವು.
ಕೆಳಗೆ ಹೊನ್ನೆ ಮರದ ಚೌಕಟ್ಟು,
ಬಡಗಿ ಬಸಣ್ಣ ಬಾಗಿಲು ಕೊಯ್ದು ಉಳಿಸಿದ್ದು.

ಮೊದಲ ದಿನ ಏಳು ಒತ್ತಿದರೆ ಎಪ್ಪತ್ತೇಳು.
ಲೋಹ ಲೋಹವನ್ನು ಮುಟ್ಟಿದರೆ
ಕೂಡಲೇ ನಿಲ್ಲುವುದಿಲ್ಲ, ಅದುರುತ್ತದೆ.
ಯಂತ್ರ ಎಳೆಯದು, ಒಂದೊಂದು ಅದುರನ್ನೂ ನಂಬುತ್ತದೆ.
ಎರಡು ಸಾಲು ಬರೆದು ಬುದ್ಧಿ ಹೇಳಿದೆ:
ಮುಟ್ಟಿದ್ದು ತಿಳಿದರೂ ತಡೆ,
ಸೆಕೆಂಡಿನ ನೂರನೇ ಒಂದು ಪಾಲು ತಡೆ,
ನಡುಕ ನಿಂತ ಮೇಲೆ ಎಣಿಸು.
ನಾನೂ ಒಮ್ಮೆ ಇಷ್ಟು ತಡೆದಿದ್ದರೆ...
ಇರಲಿ, ಅದು ಈ ಲೆಕ್ಕದಲ್ಲಿಲ್ಲ.

ಅವಳ ಎಡಗೈ ತುಂಬ ಹಸಿರು ಗಾಜು.
ಬಲಗೈ ಬೋಳು.
'ಲೆಕ್ಕಕ್ಕೆ ಅಡ್ಡ ಬರ್ತಾವೆ' ಅಂತಾಳೆ.
ಅವಳಿಗೆಂದೇ ಒಂದು ಅಗಲದ ಗುಂಡಿ, ಡಜನ್ನು:
ಒತ್ತಿದರೆ ಹನ್ನೆರಡರ ಮಗ್ಗಿ ತಾನೇ ಹೇಳಿಕೊಳ್ಳುತ್ತದೆ.
ಅದರ ಪಕ್ಕ ಇನ್ನೊಂದು.
ಫಿರೋಜಾಬಾದಿನಿಂದ ಹುಲ್ಲು ಹೊದ್ದು ಬರುವ ಪೆಟ್ಟಿಗೆಯಲ್ಲಿ
ಪ್ರತಿ ಸಲ ಒಂದಿಷ್ಟು ಚೂರು ಇದ್ದೇ ಇರುತ್ತದಲ್ಲ,
ಅದನ್ನು ಕಳೆಯಲಿಕ್ಕೆ.
ಮಾರ್ಕರ್ ಹಿಡಿದು ಬರೆದೆ: ಒಡೆದದ್ದು.

ಹಾಲಮ್ಮ ಅಂಗೈಯಿಂದ ಮುಚ್ಚಿಬಿಟ್ಟಳು.
'ಬಳೆ ಒಡೀತು ಅನ್ನಬಾರದು ಮಾರಾಯ.
ಹೆಚ್ಚಿತು ಅನ್ನು.'

ಒರೆಸಿ ಬರೆದೆ: ಹೆಚ್ಚಿದ್ದು.
ಒಳಗೆ ಕಳೆಯುವ ಚಿಹ್ನೆ, ಮೇಲೆ ಹೆಚ್ಚಿದ ಮಾತು.
ಯಂತ್ರಕ್ಕೆ ಇದರಿಂದ ಯಾವ ತೊಂದರೆಯೂ ಇಲ್ಲ,
ಸೊಲ್ಲೆತ್ತದೆ ಕಳೆಯುತ್ತದೆ.
'ಇದೊಂದಕ್ಕೆ ಹೂಂ ಬೇಡ' ಎಂದಳು.
ನೀಲಿ ಕಿತ್ತು ಕೆಂಪು ಕೂರಿಸಿದೆ.

ಕೂಲಿಯನ್ನು ಅದರಲ್ಲೇ ಒತ್ತಿ
ನೂರು ರೂಪಾಯಿ ಮುರಿದುಕೊಂಡು ಕೊಟ್ಟಳು.
ರೂಪಾಯಿ ಮುರಿಯಿತು ಅನ್ನಬಹುದಂತೆ.

ಈಗ ಸಂಜೆ ಆರರ ಮೇಲೆ,
ಆಟೋ ಹಾರನ್ನು, ಹೂವಿನವಳ ಕೂಗಿನ ನಡುವೆ,
ಬೆಸುಗೆ ಕಡ್ಡಿ ಕಾಯುವಷ್ಟು ಹೊತ್ತು
ರಸ್ತೆಯಾಚೆಗೆ ಕಿವಿ ಕೊಡುತ್ತೇನೆ.
ಟಕ್ ಟಕ್. ಟಕ್.
ಡಜನ್ನಿನ ದಪ್ಪ ದನಿ.
ಮತ್ತೆ ಟಕ್ ಟಕ್.
ಆಮೇಲೆ ಒಂದು ಬೆರಳಿನಷ್ಟು ಮೌನ.

ಇವತ್ತೂ ಒಂದಿಷ್ಟು ಹೆಚ್ಚಿವೆ.