ಸೇಂದಿ ಹಾಕಿದ ಬನ್ನು

ಗುಡ್ ಫ್ರೈಡೆಯ ಹಿಂದಿನ ಸಂಜೆ ಅಮ್ಮ
ಹಾರ್ಲಿಕ್ಸ್ ಬಾಟಲಿಗೆ ಹಳೇ ರವಿಕೆ ಸುತ್ತಿ ಕೈಗಿಟ್ಟು
"ಹಿತ್ತಲ ಸಂದಿಯಲ್ಲೇ ಹೋಗು" ಅನ್ನುತ್ತಿದ್ದಳು.
ಯಾರಾದರೂ ಕೇಳಿದರೆ, ಮಜ್ಜಿಗೆ.

ಅಂಡರ್ಸನ್‌ಪೇಟೆ ಮುಗಿಯುವಲ್ಲಿ ಈಚಲು ಮರಗಳ ಕೆಳಗೆ
ಪಿಳ್ಳಪ್ಪ ಕೂತಿರುತ್ತಿದ್ದ, ಮಡಕೆಗಳ ನಡುವೆ.
"ಏನಮ್ಮೀ, ನಿಮ್ಮಮ್ಮನ ಹಬ್ಬ ಬಂತಾ?"
ಕುಡಿಯುತ್ತ ಕೂತವರೆಲ್ಲ ತಿರುಗಿ ನೋಡುವಾಗ
ನಾನು ತಲೆ ತಗ್ಗಿಸಿ ಅವನ ಕಾಲ್ಬೆರಳು ಎಣಿಸಿದೆ.
ನನ್ನ ವಯಸ್ಸಿನಷ್ಟೇ ಇದ್ದವು, ಒಂಬತ್ತು.

ನಮ್ಮ ಮನೆಯಲ್ಲಿ ಸೇಂದಿಯ ಹೆಸರೆತ್ತುವಂತಿರಲಿಲ್ಲ.
ಅಪ್ಪ ಒಮ್ಮೆ ಕುಡಿದು ಬಂದ ರಾತ್ರಿ
ಒಳಗಿಂದ ಅಗುಳಿ ಹಾಕಿ ಮಲಗಿದವಳು ಅಮ್ಮ.
ಅದೇ ಅಮ್ಮ, ಮೈದಾ ಗುಡ್ಡೆಯ ನಡುವೆ ಗುಳಿ ತೋಡಿ
ಬುಸುಗುಡುವ ಸೇಂದಿಯನ್ನು
ಹುತ್ತಕ್ಕೆ ಹಾಲೆರೆದ ಹಾಗೆ ಎರೆಯುತ್ತಿದ್ದಳು.
"ಇದು ಕುಡಿಯೋದಲ್ಲ ಕಣೇ, ಉಬ್ಬಿಸೋದು."

ಕಲಿತದ್ದು ಡಾಫ್ನಿ ದೊರೆಸಾನಿಯ ಅಡಿಗೆಮನೆಯಲ್ಲಿ,
ಊರ್ಗಾಂ ಬಂಗಲೆ, ಹನ್ನೊಂದು ವರ್ಷದ ಪಾತ್ರೆ.
ಯಾರೂ ಹೇಳಿಕೊಟ್ಟಿದ್ದಲ್ಲ.
ಬೆನ್ನು ತಿರುಗಿಸಿ ತಿಕ್ಕುತ್ತ ನಿಂತಿದ್ದಾಗ
ವಾಸನೆಯಿಂದಲೇ ಕಲಿತಳು:
ಚಕ್ಕೆ ಎಷ್ಟು, ಜಾಯಿಕಾಯಿ ಎಷ್ಟು ಸಲ ಉಜ್ಜಿದರೆ ಸಾಕು,
ಲವಂಗ ಯಾವ ಘಳಿಗೆಯಲ್ಲಿ ಜಾಸ್ತಿಯಾಗುತ್ತದೆ.
ಅಲ್ಲಿ ಸಕ್ಕರೆ, ಇಲ್ಲಿ ಬೆಲ್ಲ.
ಅಲ್ಲಿ ಕಿತ್ತಳೆ ಸಿಪ್ಪೆಯ ಮುರಬ್ಬ,
ಇಲ್ಲಿ ಒಣಶುಂಠಿ, ಮತ್ತೆ ಒಣದ್ರಾಕ್ಷಿ, ಎಣಿಸಿ,
ಬನ್ನಿಗೆ ನಾಲ್ಕು.

ರಾತ್ರಿ ಹಿಟ್ಟು ಅಪ್ಪನ ಕಂಬಳಿಯಲ್ಲಿ ಮಲಗುತ್ತಿತ್ತು.
ಅಪ್ಪ ನೆಲದೊಳಗೆ, ನೈಟ್ ಶಿಫ್ಟಿನಲ್ಲಿ.
ಕಂಬಳಿ ಮೆಲ್ಲಗೆ ಎದೆಯೆತ್ತುವುದನ್ನು
ಕತ್ತಲಲ್ಲಿ ನೋಡುತ್ತಲೇ ನನಗೆ ನಿದ್ದೆ.

ಓವನ್ ಅಂದರೆ ಬಿಸ್ಕತ್ತಿನ ತಗಡಿನ ಡಬ್ಬ.
ಅಡಿಗೆ ಮರಳು, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ.
ಸೈನೈಡ್ ದಿಬ್ಬದ ಮರಳು ಎಷ್ಟು ನಯ, ಮನೆಗೆಷ್ಟು ಹತ್ತಿರ!
ಅದನ್ನೇ ಲಂಗದಲ್ಲಿ ತುಂಬಿ ತಂದ ದಿನ
ಬೆನ್ನ ಮೇಲೆ ಐದು ಬೆರಳೂ ಮೂಡಿದವು.
ಬೇತಮಂಗಲದ ಹೊಳೆ ಮರಳೇ ಆಗಬೇಕು,
ಅದಕ್ಕೂ ಮೂರು ನೀರು.

ಬೆಳಗಿನ ಜಾವ ಮೈದಾ ಗಂಜಿಯಲ್ಲಿ ಒಂದೊಂದರ ಮೇಲೂ
ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು.
"ಅಮ್ಮಾ, ನಾವು ಅವರ ದೇವರಿಗೆ ಸೇರಿದ್ವಾ?"
ಅಮ್ಮ ಬೆರಳು ನೆಕ್ಕಿಕೊಂಡು ಯೋಚಿಸಿದಳು.
"ಕೂಡೋ ಲೆಕ್ಕ ಕಲಿತಿದ್ದೀಯಲ್ಲ, ಆ ಗುರುತು ಅನ್ಕೋ."
ಆಮೇಲೆ ತನಗೇ ಒಪ್ಪಿಗೆಯಾಗದೆ
ಕೊನೆಯ ಒಂದಕ್ಕೆ ಗೆರೆಯನ್ನೇ ಎಳೆಯಲಿಲ್ಲ.
"ಇದು ಮುನೇಶ್ವರಂಗೆ. ಅವನಿಗೆ ಸೇಂದಿ ಒಗ್ಗುತ್ತೆ."

ಸೈರನ್ ಕೂಗಿತು. ಅಪ್ಪ ಬಂದ,
ರೆಪ್ಪೆಯ ಮೇಲೆ ಬೂದಿ ಬಣ್ಣದ ಧೂಳು.
ಹೊಸ್ತಿಲಲ್ಲೇ ಕೂತು ಬನ್ನು ಮುರಿದು, ಚಹಾಕ್ಕೆ ಅದ್ದಿ,
ಎರಡಾದ ಮೇಲೆ ಗೋಡೆ ಹಿಡಿದುಕೊಂಡು ಎದ್ದು
"ರತ್ನಾ, ತಲೆ ತಿರುಗ್ತಿದೆ, ಬಾಗಿಲು ಹಾಕ್ಕೋ" ಅಂದ.
ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು,
ನೋಡಿದ್ದು ನಾನು ಅವತ್ತೇ.

ಈಗ ಸೈರನ್ ಇಲ್ಲ, ಅಪ್ಪ ಇಲ್ಲ,
ಈಚಲು ಮರಕ್ಕೆ ಮಡಕೆ ಕಟ್ಟುವವರಿಲ್ಲ.
ಯೀಸ್ಟು ಪೊಟ್ಟಣದಲ್ಲಿ ಬರುತ್ತದೆ,
ಗೋಡೆ ಗಡಿಯಾರದ ಕಾಲು ಸುತ್ತಿಗೆ ನೊರೆ.
ರಜೆಯ ಬೆಳಿಗ್ಗೆ ಹನ್ನೆರಡು ಬನ್ನು ಸುಟ್ಟು
ಸಕ್ಕರೆ ಕಾಯಿಲೆಯ ಅಮ್ಮನ ಮುಂದೆ ತಟ್ಟೆ ಇಟ್ಟೆ.
ತಿನ್ನುವಂತಿಲ್ಲ. ಒಂದನ್ನು ಎತ್ತಿ
ಮೂಗಿಗೆ ಹಿಡಿದು ತುಂಬಾ ಹೊತ್ತು ಕೂತಳು.
"ಲವಂಗ ಜಾಸ್ತಿ."

ಮತ್ತೆ ಕನ್ನಡಕ ಸರಿ ಮಾಡಿಕೊಂಡು
ಒಂದೊಂದನ್ನೇ ತಿರುಗಿಸಿ ನೋಡಿದಳು,
ಗೆರೆಯಿಲ್ಲದ್ದು ಎಲ್ಲಿ ಅಂತ.
ನಾನು ಎಲ್ಲದಕ್ಕೂ ಎಳೆದಿದ್ದೆ.