ಕೂಳೂರು ಸಂಕ, ಆರೂ ಮುಕ್ಕಾಲು

ಸ್ಟೇಟ್‌ಬ್ಯಾಂಕಿನಿಂದ ಹೊರಟ ಬಸ್ಸು
ಸಂಕದ ಮೇಲೆ ನಿಂತೇ ಇದೆ.
ಅತ್ತ ಹೊಳೆಯಲ್ಲಿ ಸೂರ್ಯ ಮುಳುಗಿಯೂ ಆಯಿತು.

ಬ್ಯಾಗಿನಲ್ಲಿ ಸೊಸೈಟಿಯ ಬಡ್ಡಿ ಲೆಕ್ಕ,
ಮಗಳಿಗೆ ಗ್ರಾಫ್ ಪುಸ್ತಕ,
ಕಾಲಡಿ ಅರ್ಧ ಕಿಲೋ ಬಂಗುಡೆ.

ಮುಸ್ಸಂಜೆಗೆ ಸೊಸೆಯೇ ದೀಪ ಇಡಬೇಕು—
ಮದುವೆಯಾದ ವರ್ಷ ವಾರಿಜ ಮಾಮಿ
ಬೀಡಿ ಸುರುಟುತ್ತಾ ಹೇಳಿದ್ದರು,
ಮೊರದಿಂದ ತಲೆಯೆತ್ತದೆ,
ಕತ್ತರಿಸಿದ ಎಲೆಯ ಅಂಚಿನಷ್ಟು ನೇರ.

"ಮಾಮೀ, ಇವತ್ತು ನೀವೇ..."
"ನಾನ್ಯಾಕೆ? ನಿನ್ನ ದೀಪ."
ಫೋನಿನೊಳಗೆ ಕುಕ್ಕರ್ ಕೂಗಿತು.
ಓ, ಅನ್ನಕ್ಕೆ ಇಟ್ಟಾಗಿದೆ.
"ಬತ್ತಿ ಹೊಸೆದು ಎಣ್ಣೆ ಎರೆದಿದ್ದೇನೆ.
ನಿಧಾನ ಬಾ.
ಸೂರ್ಯನಿಗೇನು, ಅವನಿಗೆ ಬಸ್ಸು ಹಿಡಿಯಲಿಕ್ಕಿಲ್ಲ."

ಬೈದದ್ದೋ? ತಿಳಿಯಲಿಲ್ಲ.
ಕಂಡಕ್ಟರ್ ಸೀಟಿ ಊದಿದ.
ಒಂದು ಮಾರು ಸರಿದು
ಮತ್ತೆ ನಿಂತೆವು.