ಬತ್ತಿ ಇಡುವುದು

ನಮ್ಮ ಕಡೆ ಅದು ಒಳ್ಳೆಯ ಮಾತಲ್ಲ.
ಯಾರದೋ ಕೆಲಸ ಹೋದರೆ, ಕೂಡಿದ ಸಂಬಂಧ ಮುರಿದರೆ
ಬಾಯಿಗೆ ಸೆರಗು ಹಿಡಿದು ಕೇಳುತ್ತಾರೆ:
ಬತ್ತಿ ಇಟ್ಟವರು ಯಾರು?

ನಾನಂತೂ ದಿನಕ್ಕೆ ನಲವತ್ತು ಇಡುತ್ತೇನೆ,
ನಿಟುವಳ್ಳಿಯ ಈ ಅಡುಗೆಮನೆಯಲ್ಲಿ
ಪೇಪರು ಹಾಸಿದ ಕಟ್ಟೆಯ ಮೇಲೆ, ಹಾಡಹಗಲೇ.
ಗಿರಣಿಗಳ ಊರಿಗೆ ಹತ್ತಿಯ ಬತ್ತಿ
ಸೂರತ್ತಿನಿಂದ ಪಾರ್ಸೆಲ್ಲಿನಲ್ಲಿ ಬರುತ್ತದೆ. ಇರಲಿ.

ಲೋಟಗಳು ಅವನ ಅಂಗಡಿಯವು.
ಮಂಡಿಪೇಟೆಯಲ್ಲಿ ಇಪ್ಪತ್ತಾರು ವರ್ಷ
ಹಮಾಲರ ತುಟಿ ತಾಕಿ ತಾಕಿ ಅಂಚು ನುಣುಪಾದ
ಅರ್ಧ ಚಾದ ಗಾಜಿನ ಲೋಟ.
ತಳದಲ್ಲಿ ಎಷ್ಟು ತಿಕ್ಕಿದರೂ ಹೋಗದ ಕಂದು ಉಂಗುರ.
ಮೇಣ ತುಂಬಿದರೆ ಕಾಣುವುದಿಲ್ಲ.

ಮೊದಮೊದಲು ಎಲ್ಲ ವಾಲುತ್ತಿದ್ದವು.
ತಗಡಿನ ಬಿಲ್ಲೆಗೆ ಬತ್ತಿ ಸಿಕ್ಕಿಸಿ ಒಳಗೆ ಬಿಟ್ಟು
ಬಿಸಿ ಮೇಣ ಸುರಿದದ್ದೇ ತಡ
ಬಿಲ್ಲೆ ಜಾರಿ, ಬತ್ತಿ ಮೆತ್ತಗಾಗಿ
ಬಸ್ಸಿನಲ್ಲಿ ತೂಕಡಿಸುವವರ ಹಾಗೆ ಪಕ್ಕಕ್ಕೆ ಒರಗುತ್ತಿತ್ತು.
ಪಿ.ಜೆ. ಬಡಾವಣೆಯ ಡಾಕ್ಟರ ಹೆಂಡತಿ
ಒಂದನ್ನು ಪೇಪರಿನಲ್ಲಿ ಸುತ್ತಿ ವಾಪಸು ತಂದರು.
ಈ ಮಗ್ಗುಲು ಮಸಿ, ಸೀಳಿದ ಗಾಜು;
ಆ ಮಗ್ಗುಲಲ್ಲಿ ಮೇಣ
ಬೆಂಕಿಯನ್ನೇ ಕಂಡಿಲ್ಲವೆಂಬಂತೆ ಬೆಳ್ಳಗೆ.
ದುಡ್ಡು ಕೇಳಲಿಲ್ಲ. ಅದೇ ಕುಟುಕಿತು.

ಆಮೇಲೆ ಕಲಿತೆ.
ತಳಕ್ಕೊಂದು ತೊಟ್ಟು ಮೇಣ ಬಿಟ್ಟು
ಖಾಲಿ ರೀಫಿಲ್ಲಿನಿಂದ ಬಿಲ್ಲೆಯನ್ನು ಒತ್ತಿ ಹಿಡಿದು
ಹತ್ತು ಎಣಿಸಬೇಕು.
ಮೇಲೆ ಎರಡು ಪೊರಕೆ ಕಡ್ಡಿ, ತುದಿಗಳಿಗೆ ರಬ್ಬರ್ ಬ್ಯಾಂಡು,
ಸಂದಿಯಲ್ಲಿ ಬತ್ತಿ.
ಬಿಗಿ ಎಳೆದರೆ ತಳದಿಂದ ಕಿತ್ತು ಬರುತ್ತದೆ,
ಸಡಿಲ ಬಿಟ್ಟರೆ ಹೊಟ್ಟೆ ಬಿಡುತ್ತದೆ.
ಜಡೆ ಹಾಕುವಾಗ ಮಗಳ ಕೂದಲು ಹಿಡಿವಷ್ಟು
(ಅವಳು ಅಮ್ಮಾ ಎನ್ನಬಾರದು, ಜಡೆ ಸಂಜೆತನಕ ಬಿಚ್ಚಬಾರದು)
ಅಷ್ಟು.

ಸುರಿಯುವುದು ಮಾತ್ರ ಬಕ್ಕೇಶಪ್ಪನ ಕೆಲಸ.
ಅದೇ ಕೆಟಲು, ಅದೇ ಮಣಿಕಟ್ಟು.
ಮೊಳದುದ್ದ ಎತ್ತಿ ಚಾಕ್ಕೆ ನೊರೆ ಬರಿಸುತ್ತಿದ್ದವ
ಈಗ ಲೋಟದ ಕಂಠಕ್ಕೆ ಮೂತಿ ತಾಗಿಸಿ
ಗುಬ್ಬಿಮರಿಗೆ ನೀರು ಕುಡಿಸುವಂತೆ.
ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತಾನೆ.
"ನಟ್ಟನಡುವೆ ಐತೇನ ನೋಡೇ, ನಂಗೆ ಚಾಳೀಸು."
ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ
ಕೂದಲೆಳೆಯಷ್ಟು ಸರಿಸುತ್ತೇನೆ.
"ಐತಿ."

ಕೆನೆಗಟ್ಟುವವರೆಗೆ ಮುಟ್ಟುವ ಹಾಗಿಲ್ಲ.
ಆ ಹೊತ್ತಿನಲ್ಲೇ ಅವನ ಮಾತು:
ಮಳಿಗೆ ಮಾಲೀಕರ ಕಿವಿಗೆ ಯಾರು ಊದಿರಬಹುದು,
ಒಳಬಾಡಿಗೆಗೆ ಕೊಡಲು ಹೊರಟಿದ್ದಾನೆಂದು?
ಎದುರಿನ ಜ್ಯೂಸಿನವನೇ? ಷಡ್ಡಕ ಕೊಟ್ರಬಸಪ್ಪನೇ?
ನಾಲ್ಕು ವರ್ಷದಿಂದ ಒಬ್ಬೊಬ್ಬರನ್ನೇ ಕೂರಿಸಿ, ವಿಚಾರಿಸಿ,
ಎಬ್ಬಿಸಿ ಕಳಿಸಿದ್ದಾನೆ.
ನಾನು ಕಡ್ಡಿ ಎಣಿಸುತ್ತೇನೆ.

ಅಂದು ಮಂಗಳವಾರ.
ಮಾಲೀಕರ ಮನೆ ಜಗಲಿಯಲ್ಲಿ ನನಗೆ ನೀರು ಕೊಟ್ಟರು, ಬೆಲ್ಲ ಕೊಟ್ಟರು.
ನಾಲ್ಕು ಮಾತಾಡಿದೆ. ಐದನೆಯದು ಬೇಕಾಗಲಿಲ್ಲ.
ಅವನ ಎದೆಗಾಗಿ ಎಂದುಕೊಳ್ಳುತ್ತೇನೆ,
ಸೀಮೆಎಣ್ಣೆ ಸ್ಟೋವಿನ ಹೊಗೆ, ರಾತ್ರಿಯಿಡೀ ಆ ಕೆಮ್ಮು.
ಎಂದುಕೊಳ್ಳುತ್ತೇನೆ.
ನಸುಕಿನ ನಾಲ್ಕಕ್ಕೆ ಎದ್ದು ಹೋಗಿ
ಊರಿಗೆಲ್ಲ ಚಾ ಕೊಟ್ಟು, ಊರಿನವರೆಲ್ಲರ ಕಥೆ ಕೇಳಿ
ನನ್ನೆದುರು ಬಂದು ಮಾತಿಲ್ಲದೆ ಉಣ್ಣುತ್ತಿದ್ದನಲ್ಲ,
ಅದಕ್ಕೂ ಇರಬಹುದು.

ಎಷ್ಟೇ ನೆಟ್ಟಗಿಟ್ಟರೂ
ತಣಿಯುವಾಗ ಮೇಣ ಬತ್ತಿಯ ಬುಡದಲ್ಲೇ ಕುಸಿಯುತ್ತದೆ.
ಕಡ್ಡಿಯಿಂದ ಚುಚ್ಚಿ ಇನ್ನೊಮ್ಮೆ ತುಂಬಬೇಕು.
ಅದಕ್ಕೆಂದೇ ಕೆಟಲಿನಲ್ಲಿ ಅವನು ಒಂದಿಷ್ಟು ಉಳಿಸಿರುತ್ತಾನೆ.

ನಿನ್ನೆ ಕರೆಂಟು ಹೋದಾಗ
ಒಂದನ್ನು ಹಚ್ಚಿ ನಡುವೆ ಇಟ್ಟುಕೊಂಡೆವು.
ಮೇಣ ಕರಗಿ ಅಂಚಿನವರೆಗೂ ದುಂಡಗೆ ಹರಡಿತು,
ಯಾವ ಕಡೆಗೂ ಹೆಚ್ಚಿಲ್ಲ.
ಬಹಳ ಹೊತ್ತು ನೋಡಿದ ಬಕ್ಕೇಶಪ್ಪ ಅಂದ:
"ಬತ್ತಿ ಇಡೋದ್ರಾಗ ನಿನ್ನ ಬಿಟ್ರೆ ಇಲ್ಲ ಬಿಡು."

ತಟ್ಟನೆ ಅವನ ಮುಖ ನೋಡಿದೆ.
ಉರಿ ಅಡ್ಡ ಇತ್ತು.